ಚಿಲಿಯ ಆ ಜರ್ಮನ್ ಹಳ್ಳಿಯಲ್ಲಿ ಉಳಿದುಕೊಳ್ಳಬಹುದೇ? ಅಲ್ಲಿದ್ದವರು ಯಾಕೆ ಬಿಟ್ಟು ಹೋಗಲಿಲ್ಲ?

ಪ್ರಶ್ನೆ: "ನಮ್ಮ ಮಗ ಚಿಲಿ ದೇಶದ ಸಾಂತಿಯಾಗೋದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಈ ಡಿಸೆಂಬರ್‌ಗೆ ನಾನು ಮತ್ತು ನಮ್ಮ ಯಜಮಾನರು ಅಲ್ಲಿಗೆ ಹೊರಟಿದ್ದೇವೆ. ದಕ್ಷಿಣದ ಕಡೆ ಸುತ್ತಾಡಿ ಬರೋಣ ಎಂದು ಮಗ ಒಂದು ಹೋಟೆಲ್ ಹುಡುಕಿದ್ದ. ಬೆಟ್ಟದ ಬುಡ, ಹಸಿರು ಹೊಲ, ಜರ್ಮನ್ ಊಟ. ಹೆಸರು ವಿಲ್ಲಾ ಬವಿಯೆರಾ. ಬುಕ್ ಮಾಡುವಷ್ಟರಲ್ಲಿ ಸೊಸೆಯ ಸಹೋದ್ಯೋಗಿಯೊಬ್ಬರು 'ಅಲ್ಲಿಗಾ? ಅದು ಕೊಲೋನಿಯಾ ಡಿಗ್ನಿದಾದ್, ಹೋಗಬೇಡಿ' ಎಂದರಂತೆ. ಆಮೇಲೆ ನಾವು ಹುಡುಕಿ ಓದಿದೆವು. ಒಂದಕ್ಕೊಂದು ತಾಳೆಯಾಗಲಿಲ್ಲ. ನಾಜಿಗಳ ಅಡಗುತಾಣ ಎಂದು ಒಂದು ಕಡೆ, ಅನಾಥಾಶ್ರಮವಾಗಿತ್ತು ಎಂದು ಇನ್ನೊಂದು ಕಡೆ. ಯಜಮಾನರದ್ದು ಬೇರೆಯದೇ ವಾದ. ಮುನ್ನೂರು ಜನ ನಲವತ್ತು ವರ್ಷ ಒಬ್ಬನ ಮಾತು ಕೇಳಿಕೊಂಡು ಇದ್ದರು ಎಂದರೆ ಅವರಿಗೂ ಅದು ಒಪ್ಪಿಗೆಯಾಗಿತ್ತು ಅಂತಲೇ ಅಲ್ವಾ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ, ಆದರೆ ಉತ್ತರ ಗೊತ್ತಿಲ್ಲ. ನಾವು ಅಲ್ಲಿಗೆ ಹೋದರೆ ತಪ್ಪಾಗುತ್ತದೆಯೇ? ಹನ್ನೆರಡು ವರ್ಷದ ಮೊಮ್ಮಗಳೂ ಜೊತೆಗಿರುತ್ತಾಳೆ." ಮೈಸೂರಿನ ಓದುಗರೊಬ್ಬರು

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಹೋಗಬಹುದೇ ಎನ್ನುವುದು ನಿಮ್ಮದು. ಅವರು ಯಾಕೆ ಬಿಟ್ಟು ಹೋಗಲಿಲ್ಲ ಎನ್ನುವುದು ನಿಮ್ಮ ಯಜಮಾನರದ್ದು. ಎರಡನೆಯದನ್ನು ಮೊದಲು ತೆಗೆದುಕೊಳ್ಳುತ್ತೇನೆ. ಅದು ಅರ್ಥವಾಗದೆ ಹೋಟೆಲಿನ ಪ್ರಶ್ನೆಗೆ ನ್ಯಾಯವಾದ ಉತ್ತರ ಸಿಗುವುದಿಲ್ಲ. ಲ್ಯಾಟಿನ್ ಅಮೆರಿಕದ ಸರ್ವಾಧಿಕಾರಗಳ ಇತಿಹಾಸವನ್ನು ಬಹಳ ಕಾಲದಿಂದ ಕಲಿಸುತ್ತಿದ್ದೇನೆ. ಈ ಕಾಲೊನಿಯ ವಿಷಯ ಬಂದಾಗಲೆಲ್ಲ ವಿದ್ಯಾರ್ಥಿಗಳು ಮೊದಲು ಕೇಳುವುದೂ ಇದನ್ನೇ. ಕೇಳುವವರ ತಪ್ಪೇನಿಲ್ಲ. ಹೊರಗಿನಿಂದ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ.

ಮೊದಲು ಅದು ಶುರುವಾದ ರೀತಿ. ಕಾಲೊನಿಯನ್ನು ಕಟ್ಟಿ ಆಳಿದ ಪಾಲ್ ಶೇಫರ್ 1921ರಲ್ಲಿ ಜರ್ಮನಿಯಲ್ಲಿ ಹುಟ್ಟಿದವನು. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ವೈದ್ಯಕೀಯ ದಳದಲ್ಲಿ ಗಾಯಾಳುಗಳನ್ನು ಸಾಗಿಸುವ ಕೆಲಸದಲ್ಲಿದ್ದ. ಅವನಿಗೆ ಒಂದು ಕಣ್ಣಿರಲಿಲ್ಲ. ಯುದ್ಧ ಮುಗಿದ ಮೇಲೆ ಚರ್ಚಿನ ಯುವಕರ ವಿಭಾಗದಲ್ಲಿ ಕೆಲಸಕ್ಕೆ ಸೇರಿದ. ಹುಡುಗರ ಜೊತೆಗಿನ ಅವನ ನಡತೆಯ ಬಗ್ಗೆ ದೂರು ಬಂತು, ಕೆಲಸ ಹೋಯಿತು. ಆಮೇಲೆ ಸ್ವತಂತ್ರವಾಗಿ ಬೋಧನೆ ಶುರು ಮಾಡಿದ. ಗಿಟಾರ್ ಹಿಡಿದು ಹಾಡುತ್ತಿದ್ದ, ಶಿಬಿರ ನಡೆಸುತ್ತಿದ್ದ, ಜನ ಅವನ ಸುತ್ತ ಸೇರಿದರು. ಬ್ಯಾಪ್ಟಿಸ್ಟ್ ಪಾದ್ರಿ ಹ್ಯೂಗೋ ಬಾರ್ ತನ್ನ ಸಭೆಯ ಕುಟುಂಬಗಳ ಸಮೇತ ಅವನ ಜೊತೆಯಾದ. 1950ರ ದಶಕದ ಮಧ್ಯದಲ್ಲಿ ಬಾನ್ ನಗರಕ್ಕೆ ಹತ್ತಿರದ ಹೈಡೆ ಎಂಬಲ್ಲಿ ಇವರೆಲ್ಲ ಸೇರಿ ಮಕ್ಕಳ ವಸತಿಗೃಹವೊಂದನ್ನು ಕಟ್ಟಿದರು.

ಆ ಕುಟುಂಬಗಳಲ್ಲಿ ಅನೇಕರು ಯುದ್ಧದಲ್ಲಿ ಪೂರ್ವದ ಮನೆಮಾರು ಕಳೆದುಕೊಂಡು ಪಶ್ಚಿಮ ಜರ್ಮನಿಗೆ ಓಡಿಬಂದ ನಿರಾಶ್ರಿತರು. ರಷ್ಯನ್ನರು ಮತ್ತೆ ಬರುತ್ತಾರೆ, ಇನ್ನೊಂದು ಯುದ್ಧ ಆಗುತ್ತದೆ ಎನ್ನುವ ಹೆದರಿಕೆ ಅವರಿಗೆ ಸುಳ್ಳು ಅನ್ನಿಸುತ್ತಿರಲಿಲ್ಲ. ಒಮ್ಮೆ ಎಲ್ಲವನ್ನೂ ಕಳೆದುಕೊಂಡವರು ಅವರು. ಅಂಥವರಿಗೆ ಒಬ್ಬ ಬಂದು ದೇವರ ಕೆಲಸ ಮಾಡೋಣ, ದೂರದ ಬಡ ದೇಶದಲ್ಲಿ ಸೇವೆ ಮಾಡೋಣ, ಅಲ್ಲಿ ಯುದ್ಧವೂ ಇಲ್ಲ, ಪಾಪವೂ ಇಲ್ಲ ಎಂದ. ಜನ ಮನೆ ಮಾರಿ ಹಣ ತಂದುಕೊಟ್ಟರು.

1961ರಲ್ಲಿ ಹೈಡೆಯ ಇಬ್ಬರು ಹುಡುಗರ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯ ಬಾನ್ ನಗರದ ಪ್ರಾಸಿಕ್ಯೂಟರ್ ಕಚೇರಿ ತಲುಪಿತು. ಬಂಧನದ ವಾರಂಟ್ ಬರುವ ಹೊತ್ತಿಗೆ ಶೇಫರ್ ಜರ್ಮನಿಯಲ್ಲಿರಲಿಲ್ಲ. ಅದೇ ವರ್ಷ ಚಿಲಿಯಲ್ಲಿ ಇವರ ಸೇವಾ ಸಂಸ್ಥೆ ನೋಂದಣಿಯಾಯಿತು. ಅದರ ಹಿಂದಿನ ವರ್ಷ, 1960ರ ಮೇ ತಿಂಗಳಲ್ಲಿ, ದಕ್ಷಿಣ ಚಿಲಿಯಲ್ಲಿ 9.5 ತೀವ್ರತೆಯ ಭೂಕಂಪ ಆಗಿತ್ತು. ಈವರೆಗೆ ಅಳೆದಿರುವ ಭೂಕಂಪಗಳಲ್ಲಿ ಅದೇ ದೊಡ್ಡದು. ಭೂಕಂಪದಲ್ಲಿ ಅನಾಥರಾದ ಮಕ್ಕಳಿಗೆ ಆಶ್ರಯ ಕೊಡುತ್ತೇವೆ ಎಂದರೆ ಯಾವ ಸರ್ಕಾರ ಬೇಡ ಎನ್ನುತ್ತದೆ? ನೀವು ಓದಿದ ಅನಾಥಾಶ್ರಮದ ಕಥೆ ಇಲ್ಲಿಂದ ಬಂದದ್ದು. ಅದು ಒಳಗೆ ಬರಲು ತೋರಿಸಿದ ಕಾರಣ, ಅಷ್ಟೇ. ಕಾಲೊನಿಯಲ್ಲಿ ಬೆಳೆದ ಜರ್ಮನ್ ಮಕ್ಕಳಲ್ಲಿ ಬಹುತೇಕರಿಗೆ ತಂದೆ ತಾಯಿ ಇದ್ದರು. ಎಷ್ಟೋ ಸಲ ಅದೇ ಬೇಲಿಯೊಳಗೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಇದ್ದರು.

ನಾಜಿಗಳ ವಿಷಯಕ್ಕೂ ಇಲ್ಲೇ ಬರುತ್ತೇನೆ. ಯುದ್ಧದ ನಂತರ ಕೆಲವು ನಾಜಿಗಳು ದಕ್ಷಿಣ ಅಮೆರಿಕಕ್ಕೆ ಓಡಿದ್ದು ನಿಜ. ಹಾಗಾಗಿ ಜರ್ಮನ್ನರು, ಚಿಲಿ, ಮುಳ್ಳುಬೇಲಿ ಎಂದ ಕೂಡಲೇ ಜನ ಇವರೂ ನಾಜಿಗಳೇ ಎಂದುಕೊಂಡುಬಿಡುತ್ತಾರೆ. ಈ ಕಾಲೊನಿ ಹುಟ್ಟಿದ್ದು ಕ್ರೈಸ್ತ ಸ್ವತಂತ್ರ ಸಭೆಯೊಂದರಿಂದ, ಸೋತ ನಾಜಿ ಅಧಿಕಾರಿಗಳಿಂದಲ್ಲ. ನಾಜಿ ಕಥೆ ನನಗೆ ಇಷ್ಟವಾಗದಿರಲು ಇನ್ನೊಂದು ಕಾರಣವಿದೆ. ಅದನ್ನು ನಂಬಿದರೆ ಅಲ್ಲಿದ್ದ ರೈತರು, ಬಡಗಿಗಳು, ದಾದಿಯರು, ಮಕ್ಕಳು ಎಲ್ಲರೂ ಹುಟ್ಟಾ ದುಷ್ಟರು ಎಂದಾಗುತ್ತದೆ. ಆಗ ಅವರಿಗೇನಾಯಿತು ಎಂದು ಯಾರೂ ಕೇಳುವುದಿಲ್ಲ.

ಈಗ ಯಜಮಾನರ ಪ್ರಶ್ನೆ. ಸಂತ್ರಸ್ತರ ಹೇಳಿಕೆಗಳನ್ನು ಓದುವಾಗ ನಾನು ಹುಡುಕುವುದು ಒಂದೇ ವಿಷಯ. ಹೊರಗೆ ಹೋಗಬೇಕು ಎಂದು ಒಬ್ಬರಿಗೆ ಅನ್ನಿಸಿದ ದಿನ, ಅವರ ಮುಂದೆ ಯಾವ ದಾರಿ ಇತ್ತು?

ಜಾಗದಿಂದ ಶುರು ಮಾಡಿ. ಸಾಂತಿಯಾಗೋದಿಂದ ದಕ್ಷಿಣಕ್ಕೆ ಸುಮಾರು 350 ಕಿಲೋಮೀಟರ್ ದೂರದಲ್ಲಿ ಪರ್ರಾಲ್ ಎಂಬ ಊರು. ಕವಿ ಪಾಬ್ಲೊ ನೆರೂದ ಹುಟ್ಟಿದ ಊರು ಅದು. ಅಲ್ಲಿಂದ ಇನ್ನೂ ಒಳಗೆ, ಆಂಡಿಸ್ ಬೆಟ್ಟಸಾಲಿನ ಬುಡದಲ್ಲಿ, ಪೆರ್ಕಿಲಾಉಕೆನ್ ನದಿಯ ಪಕ್ಕ ಕಾಲೊನಿ. ಕಾಲ ಕಳೆದಂತೆ ಜಮೀನು ಸಾವಿರಾರು ಹೆಕ್ಟೇರ್‌ಗೆ ಬೆಳೆಯಿತು. ಸುತ್ತ ಬೇಲಿ, ಕಾವಲು, ನಾಯಿಗಳು, ಯಾರಾದರೂ ಮುಟ್ಟಿದರೆ ಸದ್ದು ಮಾಡುವ ತಂತಿಗಳು. ಪಾಸ್‌ಪೋರ್ಟ್ ಮುಖಂಡರ ಹತ್ತಿರ. ಕೈಯಲ್ಲಿ ಒಂದು ಪೆಸೊ ಕೂಡ ಇಲ್ಲ, ಯಾಕೆಂದರೆ ಕೆಲಸಕ್ಕೆ ಸಂಬಳವೇ ಇರಲಿಲ್ಲ. ಹೆಚ್ಚಿನವರಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ಬೇಲಿ ದಾಟಿದರೂ ಯಾರ ಮನೆ ಬಾಗಿಲು ತಟ್ಟಿ ಏನೆಂದು ಹೇಳುವುದು?

ಇದು ಹೊರಗಿನ ಬೇಲಿ. ಒಳಗಿನದು ಇದಕ್ಕಿಂತ ಗಟ್ಟಿಯಾಗಿತ್ತು. ಗಂಡ ಹೆಂಡತಿಯನ್ನು ಬೇರೆ ಬೇರೆ ಇರಿಸಿದರು. ಮಕ್ಕಳನ್ನು ತಾಯಂದಿರಿಂದ ಬಿಡಿಸಿ ವಯಸ್ಸಿನ ಪ್ರಕಾರ ಗುಂಪು ಮಾಡಿ ಬೆಳೆಸಿದರು. ದೊಡ್ಡವರೆಲ್ಲ ಆ ಮಕ್ಕಳಿಗೆ 'ಮಾಮ', 'ಅತ್ತೆ'. ತನ್ನ ಹೆತ್ತವರು ಯಾರು ಎನ್ನುವುದೇ ಸರಿಯಾಗಿ ತಿಳಿಯದೆ ಬೆಳೆದವರಿದ್ದಾರೆ. ಮದುವೆಗೆ ಶೇಫರ್ ಅಪ್ಪಣೆ ಬೇಕು. ಅಪ್ಪಣೆ ಸಿಗುವ ಹೊತ್ತಿಗೆ ಎಷ್ಟೋ ಹೆಂಗಸರಿಗೆ ಮಕ್ಕಳಾಗುವ ವಯಸ್ಸು ದಾಟಿತ್ತು. ಹೊರಗಿನ ಪತ್ರಿಕೆ ಇಲ್ಲ, ಟಿವಿ ಇಲ್ಲ. ಪ್ರತಿಯೊಬ್ಬರೂ ತಮ್ಮ ಪಾಪಗಳನ್ನು, ಮನಸ್ಸಿಗೆ ಬಂದ ಯೋಚನೆಗಳನ್ನು ಕೂಡ, ಶೇಫರ್ ಮುಂದೆ ಒಪ್ಪಿಸಬೇಕು. ಬೇರೆಯವರ ಬಗ್ಗೆ ಗೊತ್ತಿರುವುದನ್ನೂ ಹೇಳಬೇಕು.

ಈ ಕೊನೆಯ ಪದ್ಧತಿಯನ್ನು ದಯವಿಟ್ಟು ಗಮನಿಸಿ. ಅಲ್ಲಿದ್ದ ಮುಖ್ಯ ಯಂತ್ರ ಇದೇ ಎಂದು ನನ್ನ ಅಭಿಪ್ರಾಯ. ಓಡಿಹೋಗೋಣ ಎಂದು ಇಬ್ಬರು ಮಾತಾಡಿಕೊಂಡರೆ, ಅವರಲ್ಲಿ ಒಬ್ಬರು ಸಂಜೆ ಅದನ್ನು ಒಪ್ಪಿಸುತ್ತಾರೆ. ದ್ವೇಷದಿಂದಲ್ಲ, ಹೇಳದಿದ್ದರೆ ನರಕ ಎಂಬ ಹೆದರಿಕೆಯಿಂದ. ಇಂಥ ಕಡೆ ಮುನ್ನೂರು ಜನ ಒಟ್ಟಿಗಿದ್ದರು ಎನ್ನುವುದೇ ತಪ್ಪು ಲೆಕ್ಕ. ಅಲ್ಲಿ ಇದ್ದದ್ದು ಒಬ್ಬೊಬ್ಬರೇ. ಪಕ್ಕದವನಿಗೂ ತನ್ನ ಹಾಗೇ ಅನ್ನಿಸುತ್ತಿದೆ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಒಪ್ಪಿಗೆ ಎನ್ನಬೇಕಾದರೆ ಬೇಡ ಎನ್ನುವ ದಾರಿಯೂ ಇರಬೇಕು ಅಲ್ವಾ?

ಅಷ್ಟಾದರೂ ಎದುರು ನಿಂತವರಿಗೆ ಆಸ್ಪತ್ರೆ ಕಾದಿತ್ತು. ಕಾಲೊನಿಯ ಆಸ್ಪತ್ರೆಯಲ್ಲಿ ಮಕ್ಕಳಿಗೂ ದೊಡ್ಡವರಿಗೂ ಮಂಪರು ಬರಿಸುವ ಔಷಧಿ ಕೊಡುತ್ತಿದ್ದರು, ವಿದ್ಯುತ್ ಶಾಕ್ ಕೊಡುತ್ತಿದ್ದರು. ಅಲ್ಲಿನ ವೈದ್ಯೆಯೊಬ್ಬರು ಮುಂದೆ ಇದನ್ನು ಒಪ್ಪಿಕೊಂಡಿದ್ದಾರೆ. ಶೇಫರ್ ಸುತ್ತ ಸದಾ ಕೆಲವು ಹುಡುಗರು ಸೇವೆಗೆ ಇರುತ್ತಿದ್ದರು. ಅವರ ಮೇಲೆ ಅವನು ಮಾಡಿದ ದೌರ್ಜನ್ಯವನ್ನು ಇಲ್ಲಿ ವಿವರಿಸುವುದಿಲ್ಲ. ಅದು ದಶಕಗಳ ಕಾಲ ನಡೆಯಿತು, ನ್ಯಾಯಾಲಯದಲ್ಲಿ ಸಾಬೀತಾಯಿತು. ಇಷ್ಟು ಸಾಕು.

ಓಡಿಹೋದವರು ಇರಲೇ ಇಲ್ಲವೇ ಎಂದರೆ, ಇದ್ದರು. ಒಬ್ಬ ಯುವಕ ಎರಡು ಸಲ ಓಡಿ ಸಿಕ್ಕಿಬಿದ್ದು, ಮೂರನೇ ಸಲ 1966ರಲ್ಲಿ ಪಾರಾದ. ಒಳಗೆ ಏನು ನಡೆಯುತ್ತಿದೆ ಎಂದು ಅವನು ಆಗಲೇ ಹೇಳಿದ. ಚಿಲಿಯ ಪತ್ರಿಕೆಗಳು ಬರೆದವು. 1968ರಲ್ಲಿ ಸಂಸತ್ತಿನ ವಿಚಾರಣೆಯೂ ಆಯಿತು. ಕಾಲೊನಿ ಮುಚ್ಚಲಿಲ್ಲ. ಅಂದರೆ ಯಾರಿಗೂ ಗೊತ್ತಿರಲಿಲ್ಲ ಎನ್ನುವುದು ಈ ಇತಿಹಾಸದ ಅತಿ ದೊಡ್ಡ ಸುಳ್ಳು. ಸಂಸ್ಥೆ ಶುರುವಾಗಿ ಐದೇ ವರ್ಷಕ್ಕೆ ಗೊತ್ತಾಗಿತ್ತು.

ಹಾಗಾದರೆ ಯಾಕೆ ನಿಲ್ಲಲಿಲ್ಲ? ಅದೇ ಆಸ್ಪತ್ರೆ ಸುತ್ತಲಿನ ಬಡ ಹಳ್ಳಿಗರಿಗೆ ಉಚಿತವಾಗಿ ಚಿಕಿತ್ಸೆ ಕೊಡುತ್ತಿತ್ತು. ಹತ್ತಿರದಲ್ಲಿ ಬೇರೆ ಆಸ್ಪತ್ರೆ ಇಲ್ಲದ ಕಡೆ ಹೆರಿಗೆ ಮಾಡಿಸಿದವರನ್ನು, ಮಗುವಿನ ಜ್ವರ ವಾಸಿ ಮಾಡಿದವರನ್ನು ಯಾರು ಅನುಮಾನಿಸುತ್ತಾರೆ? ಕಾಲೊನಿಗೆ ತೊಂದರೆ ಬಂದಾಗಲೆಲ್ಲ ಸುತ್ತಲಿನ ಜನ ಅದರ ಪರವಾಗಿ ನಿಂತರು. ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಅವರು ಕಂಡದ್ದು ಹೊರರೋಗಿಗಳ ಕೋಣೆಯನ್ನು ಮಾತ್ರ. ಆದರೆ ಆ ಋಣದಿಂದಾಗಿ ಬೇಲಿ ದಾಟಿ ಬಂದವನಿಗೆ ಆಶ್ರಯ ಕೊಡುವವರು ಇಲ್ಲವಾದರು. ಪೊಲೀಸರು, ನ್ಯಾಯಾಧೀಶರು, ರಾಜಕಾರಣಿಗಳಲ್ಲೂ ಕಾಲೊನಿಗೆ ಸ್ನೇಹಿತರಿದ್ದರು.

ಜರ್ಮನ್ ರಾಯಭಾರ ಕಚೇರಿಯ ನಡತೆಯನ್ನು ನೆನೆದರೆ ಮಾತ್ರ ಸಿಟ್ಟು ಬರುತ್ತದೆ. ತಮ್ಮದೇ ದೇಶದ ಪ್ರಜೆಗಳು ಓಡಿಬಂದು ಸಹಾಯ ಕೇಳಿದರೂ ವರ್ಷಗಟ್ಟಲೆ ಕಣ್ಣು ಮುಚ್ಚಿಕೊಂಡರು. ಇದು ನನ್ನ ಆರೋಪ ಮಾತ್ರವಲ್ಲ. 2016ರಲ್ಲಿ ಆಗಿನ ಜರ್ಮನ್ ವಿದೇಶಾಂಗ ಸಚಿವ ಫ್ರಾಂಕ್-ವಾಲ್ಟರ್ ಸ್ಟೈನ್‌ಮಾಯರ್ ಇದನ್ನು ಬಹಿರಂಗವಾಗಿ ಒಪ್ಪಿಕೊಂಡರು. 60ರಿಂದ 80ರ ದಶಕದವರೆಗೆ ತಮ್ಮ ರಾಜತಾಂತ್ರಿಕರು ಬೇರೆ ಕಡೆ ನೋಡಿದರು, ತಮ್ಮ ಜನರನ್ನು ಕಾಪಾಡಲು ತೀರಾ ಕಡಿಮೆ ಮಾಡಿದರು ಎಂದರು. ಮುಚ್ಚಿಟ್ಟಿದ್ದ ಕಡತಗಳನ್ನು ತೆರೆಸಿದರು. ನಿಮ್ಮ ಯಜಮಾನರಿಗೆ ಈ ಭಾಗವನ್ನು ಓದಿ ಹೇಳಿ. ಬಿಟ್ಟು ಹೋಗಲು ಯತ್ನಿಸಿದವರು ಕೊನೆಗೆ ತಟ್ಟಬಹುದಾಗಿದ್ದ ಬಾಗಿಲು ಅದು.

1973ರ ಸೆಪ್ಟೆಂಬರ್ 11ರಂದು ಸೇನೆ ಅಧ್ಯಕ್ಷ ಸಾಲ್ವದೋರ್ ಅಲೆಂದೆ ಅವರ ಸರ್ಕಾರವನ್ನು ಉರುಳಿಸಿತು. ಜನರಲ್ ಅಗುಸ್ತೊ ಪಿನೋಚೆ ಬಂದ. ಕಾಲೊನಿಗೆ ಇನ್ನು ದೇಶದ ಅತಿ ಬಲಿಷ್ಠರ ರಕ್ಷಣೆ ಸಿಕ್ಕಿತು. ಮಾನುವೆಲ್ ಕಾಂಟ್ರೆರಾಸ್ ಮುಖ್ಯಸ್ಥನಾಗಿದ್ದ ರಹಸ್ಯ ಪೊಲೀಸ್ 'ದೀನಾ' ತನ್ನ ಕೈದಿಗಳನ್ನು ಇಲ್ಲಿಗೆ ತಂದಿತು. ಎಡಪಂಥೀಯರು, ಕಾರ್ಮಿಕ ಮುಖಂಡರು, ವಿದ್ಯಾರ್ಥಿಗಳು. ಆಲೂಗಡ್ಡೆ ದಾಸ್ತಾನು ಮಾಡುವ ನೆಲಮಾಳಿಗೆಯಲ್ಲಿ ಚಿತ್ರಹಿಂಸೆ ಕೊಟ್ಟರು. ಸುಮಾರು ನೂರು ಜನರನ್ನು ಇಲ್ಲಿ ಕೊಂದಿರಬಹುದು ಎಂಬ ಅಂದಾಜಿದೆ. ಹೂತ ಹೆಣಗಳನ್ನು 1978ರ ಹೊತ್ತಿಗೆ ಮತ್ತೆ ಹೊರತೆಗೆದು ಸುಟ್ಟು, ಬೂದಿಯನ್ನು ನದಿಗೆ ಹಾಕಿದರು ಎಂದು ಕಾಲೊನಿಯವರೇ ಮುಂದೆ ಹೇಳಿಕೆ ಕೊಟ್ಟಿದ್ದಾರೆ. ಆ ಕುಟುಂಬಗಳಿಗೆ ಇಂದಿಗೂ ಅಂತ್ಯಸಂಸ್ಕಾರ ಮಾಡಲು ಏನೂ ಸಿಕ್ಕಿಲ್ಲ. 1985ರ ಜನವರಿಯಲ್ಲಿ ಅಮೆರಿಕದ ಗಣಿತಜ್ಞ ಬೋರಿಸ್ ವೈಸ್‌ಫೈಲರ್ ಈ ಪ್ರದೇಶದಲ್ಲಿ ಚಾರಣ ಮಾಡುತ್ತಿದ್ದಾಗ ಕಾಣೆಯಾದರು. ಅವರ ಸುಳಿವೂ ಸಿಕ್ಕಿಲ್ಲ.

ಆಮ್ನೆಸ್ಟಿ ಇಂಟರ್‌ನ್ಯಾಷನಲ್‌ನ ಜರ್ಮನ್ ವಿಭಾಗ 1977ರಲ್ಲೇ ಈ ಚಿತ್ರಹಿಂಸೆಯ ಬಗ್ಗೆ ಪ್ರಕಟಿಸಿತು. ಕಾಲೊನಿ ಬಾನ್ ನ್ಯಾಯಾಲಯದಲ್ಲಿ ಮಾನನಷ್ಟದ ದಾವೆ ಹಾಕಿತು. ಆ ಮೊಕದ್ದಮೆ 1997ರವರೆಗೆ, ಇಪ್ಪತ್ತು ವರ್ಷ ಎಳೆಯಿತು.

ಮುಂದಿನದು ಬೇಗ ಹೇಳುತ್ತೇನೆ. 1984ರಲ್ಲಿ ಹ್ಯೂಗೋ ಬಾರ್‌ನೇ ಕಾಲೊನಿಯಿಂದ ಓಡಿಹೋದ. ಸ್ಥಾಪಕರಲ್ಲಿ ಒಬ್ಬನಾದವನೂ ಓಡಿಯೇ ಹೋಗಬೇಕಾಯಿತು! ಪಿನೋಚೆ ಇಳಿದ ಮೇಲೆ 1991ರಲ್ಲಿ ಅಧ್ಯಕ್ಷ ಪ್ಯಾಟ್ರಿಸಿಯೊ ಐಲ್ವಿನ್ ಸಂಸ್ಥೆಯ ಮಾನ್ಯತೆ ರದ್ದು ಮಾಡಿದರು. ಅಷ್ಟರಲ್ಲಿ ಆಸ್ತಿಯನ್ನು ಬೇರೆ ಕಂಪನಿಗಳ ಹೆಸರಿಗೆ ಮಾಡಿಕೊಂಡಿದ್ದರು, ಹೆಸರೂ ವಿಲ್ಲಾ ಬವಿಯೆರಾ ಆಗಿತ್ತು. ಶೇಫರ್ ಸುತ್ತಲಿನ ಹಳ್ಳಿಯ ಚಿಲಿಯನ್ ಹುಡುಗರಿಗೆ ಉಚಿತ ವಸತಿಶಾಲೆ ತೆರೆದ. ಅವರೂ ಅವನನ್ನು 'ಕಾಯಂ ಮಾಮ' ಎನ್ನುತ್ತಿದ್ದರು. 1996ರಲ್ಲಿ ಅವರಲ್ಲೊಬ್ಬ ಹುಡುಗ ತಾಯಿಗೆ ವಿಷಯ ಮುಟ್ಟಿಸಿದ. ಆಕೆ ಬಡವಳು. ಊರಿನ ಪೊಲೀಸರನ್ನು ನಂಬದೆ ಸಾಂತಿಯಾಗೋದ ಪತ್ತೇದಾರರ ಹತ್ತಿರ ಹೋದಳು. ಮೂವತ್ತೈದು ವರ್ಷ ಎರಡು ಸರ್ಕಾರಗಳು ಮಾಡದ ಕೆಲಸ ಅದು. ಈ ಇತಿಹಾಸದಲ್ಲಿ ನಾನು ಅತಿ ಹೆಚ್ಚು ಗೌರವಿಸುವ ವ್ಯಕ್ತಿ ಆ ತಾಯಿ.

ಶೇಫರ್ 1997ರಲ್ಲಿ ತಲೆಮರೆಸಿಕೊಂಡ. 2005ರ ಮಾರ್ಚ್‌ನಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್ ಹತ್ತಿರ ಸಿಕ್ಕಿಬಿದ್ದ. ಅದೇ ವರ್ಷ ಕಾಲೊನಿಯ ನೆಲದಡಿ ಮಷಿನ್ ಗನ್, ಗ್ರೆನೇಡ್‌ಗಳ ದೊಡ್ಡ ದಾಸ್ತಾನು ಸಿಕ್ಕಿತು. ಜನರ ಬಗ್ಗೆ ಗುಟ್ಟಾಗಿ ಮಾಹಿತಿ ಬರೆದಿಟ್ಟ ಸುಮಾರು 45,000 ಕಾರ್ಡುಗಳೂ ಸಿಕ್ಕಿದವು. 2006ರಲ್ಲಿ 25 ಮಕ್ಕಳ ಮೇಲಿನ ದೌರ್ಜನ್ಯಕ್ಕಾಗಿ ಅವನಿಗೆ 20 ವರ್ಷ ಶಿಕ್ಷೆಯಾಯಿತು. 2010ರ ಏಪ್ರಿಲ್ 24ರಂದು ಸಾಂತಿಯಾಗೋದ ಜೈಲಿನಲ್ಲಿ ಸತ್ತ. ಅವನ ಆಪ್ತ ವೈದ್ಯ ಹಾರ್ಟ್‌ಮುಟ್ ಹಾಪ್ ಚಿಲಿಯಲ್ಲಿ ಐದು ವರ್ಷದ ಶಿಕ್ಷೆಯಾದ ಮೇಲೆ 2011ರಲ್ಲಿ ಜರ್ಮನಿಗೆ ಓಡಿಹೋದ. ಜರ್ಮನಿ ತನ್ನ ಪ್ರಜೆಯನ್ನು ಚಿಲಿಗೆ ಒಪ್ಪಿಸುವುದಿಲ್ಲ. 2018ರಲ್ಲಿ ಡಸೆಲ್ಡಾರ್ಫ್‌ನ ನ್ಯಾಯಾಲಯ ಆ ಶಿಕ್ಷೆಯನ್ನು ಜರ್ಮನಿಯಲ್ಲಿ ಜಾರಿ ಮಾಡಲಾಗದು ಎಂದಿತು. ಮರುವರ್ಷ ಅಲ್ಲಿನ ತನಿಖೆಯೂ ನಿಂತಿತು.

ಹಾಗಾಗಿ 2005ಕ್ಕೆ ಎಲ್ಲ ಮುಗಿಯಿತು ಎಂದು ಓದಿದ್ದರೆ ಅದನ್ನೂ ಬಿಟ್ಟುಬಿಡಿ. ಅಲ್ಲಿ ಹುಟ್ಟಿ ಬೆಳೆದವರಿಗೆ ನಿಜವಾದ ಕಷ್ಟ ಶುರುವಾದದ್ದೇ ಆಗ. ಐವತ್ತು ದಾಟಿದವರಿಗೆ ಹಣ ಲೆಕ್ಕ ಹಾಕಲು, ಅಂಗಡಿಗೆ ಹೋಗಲು, ಹೆಂಡತಿ ಮಕ್ಕಳ ಜೊತೆ ಒಂದು ಮನೆಯಲ್ಲಿ ಇರಲು ಹೊಸದಾಗಿ ಕಲಿಯಬೇಕಾಯಿತು. ಜೀವಮಾನವಿಡೀ ದುಡಿದರೂ ಪಿಂಚಣಿ ಇಲ್ಲ, ಯಾಕೆಂದರೆ ಅವರ ಹೆಸರಿನಲ್ಲಿ ಯಾರೂ ಏನೂ ಕಟ್ಟಿರಲಿಲ್ಲ. ಜರ್ಮನ್ ಸರ್ಕಾರ 2019ರಲ್ಲಿ ಒಬ್ಬೊಬ್ಬರಿಗೆ ಗರಿಷ್ಠ 10,000 ಯೂರೊ ನೆರವು ಕೊಡಲು ಒಪ್ಪಿತು. ನಲವತ್ತು ವರ್ಷದ ಬಿಟ್ಟಿ ದುಡಿಮೆಗೆ! ನನ್ನ ಮಟ್ಟಿಗೆ ಅದು ಪರಿಹಾರ ಅಲ್ಲ. ಕೆಲವರು ಜರ್ಮನಿಗೆ ಹೋದರು. ಸುಮಾರು ನೂರು ಜನ ಅಲ್ಲೇ ಉಳಿದರು. ಉಳಿದವರಲ್ಲಿ ಬಾಲ್ಯದಲ್ಲಿ ಹೊಡೆತ ತಿಂದವರೂ ಇದ್ದಾರೆ, ಹೊಡೆದವರ ಮನೆಯವರೂ ಇದ್ದಾರೆ. ಒಬ್ಬರೇ ಎರಡೂ ಆಗಿರುವುದೂ ಇದೆ. ಜೀವನೋಪಾಯಕ್ಕಾಗಿ ಅವರು ಹೋಟೆಲ್, ರೆಸ್ಟೋರೆಂಟ್ ನಡೆಸುತ್ತಿದ್ದಾರೆ, ಬಿಯರ್ ಹಬ್ಬ ಮಾಡಿದ್ದಾರೆ.

ಇಲ್ಲಿಂದ ನಿಮ್ಮ ಪ್ರಶ್ನೆ. ಶೇಫರ್ ಎಲ್ಲರನ್ನೂ ಕೂರಿಸಿ ಸಭೆ ನಡೆಸುತ್ತಿದ್ದ ಕಟ್ಟಡದಲ್ಲೇ ಇಂದು ಪ್ರವಾಸಿಗರಿಗೆ ಊಟ ಬಡಿಸುತ್ತಾರೆ. ಕಾಣೆಯಾದವರ ಕುಟುಂಬಗಳು ಇದನ್ನು ವಿರೋಧಿಸುತ್ತಲೇ ಬಂದಿವೆ. ತಮ್ಮ ಮಗನನ್ನೋ ಅಣ್ಣನನ್ನೋ ಕೊಂದ ಜಾಗದಲ್ಲಿ ಜನ ಹಾಡಿ ಕುಣಿಯುವುದನ್ನು ಯಾರು ಸಹಿಸುತ್ತಾರೆ? ಇನ್ನೊಂದು ಕಡೆ ಅಲ್ಲಿನ ನಿವಾಸಿಗಳು, ನಾವೂ ಸಂತ್ರಸ್ತರೇ, ಇದೂ ಹೋದರೆ ಏನು ತಿನ್ನುವುದು ಎನ್ನುತ್ತಾರೆ. ಆಸ್ತಿ ಕೆಲವು ಕಂಪನಿಗಳ ಹಿಡಿತದಲ್ಲಿದೆ. ಅದರ ಲಾಭ ಯಾರಿಗೆ ಸಿಗುತ್ತಿದೆ ಎಂದು ಹಳೆಯ ನಿವಾಸಿಗಳಲ್ಲೇ ಜಗಳವಿದೆ. ಎರಡೂ ಕಡೆಯವರ ಮಾತಿನಲ್ಲಿ ಸತ್ಯವಿದೆ.

ನಿಮಗೆ ಮೂರು ದಾರಿಗಳು ಕಾಣುತ್ತಿವೆ. ಬುಕ್ ಮಾಡಿ, ಹೋಗಿ, ಎರಡು ರಾತ್ರಿ ಉಳಿದು ಬರುವುದು ಮೊದಲನೆಯದು. ಇದನ್ನು ನಾನು ಬೇಡ ಎನ್ನುತ್ತೇನೆ. ಅಪಾಯವೇನೂ ಇಲ್ಲ. ಇವತ್ತು ಅದು ತೆರೆದ ಊರು, ನಿಮಗೆ ಯಾರೂ ತೊಂದರೆ ಕೊಡುವುದಿಲ್ಲ. ಆದರೆ ರಜೆಯ ಮನಸ್ಸಿನಲ್ಲಿ ಹೋದವರಿಗೆ ಆ ಜಾಗ ಹುಲ್ಲುಗಾವಲು, ಕೇಕು, ಫೋಟೊ ಎಂದಷ್ಟೇ ಕಾಣುತ್ತದೆ. 60ರ ದಶಕದಲ್ಲಿ ಬಂದು ಹೋದ ಅತಿಥಿಗಳಿಗೂ ಹೀಗೇ ಕಂಡಿತ್ತು. ಚೊಕ್ಕಟ ಹೊಲ, ಸಾಲಾಗಿ ನಿಂತು ಹಾಡುವ ಮಕ್ಕಳು. ಒಳ್ಳೆಯದನ್ನು ಮಾತ್ರ ನೋಡಿ ಹೋದ ಅಂಥ ಅತಿಥಿಗಳ ಮಾತನ್ನೇ ಕಾಲೊನಿ ತನ್ನ ಪರ ಸಾಕ್ಷಿಯಾಗಿ ಬಳಸಿತು.

ಎರಡನೆಯದು ಹಗಲು ಹೊತ್ತಿನಲ್ಲಿ, ಇತಿಹಾಸ ನೋಡಲೆಂದೇ ಹೋಗುವುದು. ಉಳಿಯದೆ, ಸಂಭ್ರಮ ಮಾಡದೆ. ಜಾಗದ ಕೆಲವು ಭಾಗಗಳನ್ನು ಚಿಲಿ 2016ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕ ಎಂದು ಘೋಷಿಸಿದೆ. ಕಾಲೊನಿಯ ಒಂದು ಭಾಗವನ್ನು ಸ್ವಾಧೀನ ಮಾಡಿಕೊಂಡು ಸ್ಮಾರಕ ಮಾಡುವುದಾಗಿ ಆಗಿನ ಅಧ್ಯಕ್ಷ ಗೇಬ್ರಿಯೆಲ್ ಬೋರಿಕ್ 2024ರಲ್ಲಿ ಪ್ರಕಟಿಸಿದರು. ಅದು ವಿವಾದದ ವಿಷಯ. ಆದ್ದರಿಂದ ಹೊರಡುವ ಮೊದಲು ಏನು ತೆರೆದಿದೆ, ಯಾರು ನಡೆಸುತ್ತಿದ್ದಾರೆ ಎಂದು ನಿಮ್ಮ ಮಗ ಸ್ಪ್ಯಾನಿಷ್‌ನಲ್ಲಿ ವಿಚಾರಿಸಿಕೊಳ್ಳಲಿ. ಹೋದರೆ ಅಲ್ಲಿನ ನಿವಾಸಿ ಹೇಳುವ ಕಥೆ ಒಂದನ್ನೇ ಕೇಳಿ ಬರಬೇಡಿ. ಕಾಣೆಯಾದವರ ಕುಟುಂಬಗಳ ಸಂಘಗಳು ಏನು ಹೇಳುತ್ತವೆ ಎಂದು ಮೊದಲೇ ಓದಿಕೊಳ್ಳಿ. ಹಾಗೆಯೇ ಎದುರಿಗೆ ಸಿಕ್ಕ ವಯಸ್ಸಾದವರನ್ನು 'ನಿಮಗೇನಾಯಿತು, ನೀವು ಯಾಕೆ ಓಡಲಿಲ್ಲ' ಎಂದು ಕೇಳಬೇಡಿ. ಆ ಪ್ರಶ್ನೆ ಅವರಿಗೆ ಎಷ್ಟು ಸಲ ಎದುರಾಗಿರಬಹುದು, ಯೋಚಿಸಿ. ಅವರಾಗಿ ಮಾತಾಡಿದರೆ ಕೇಳಿಸಿಕೊಳ್ಳಿ.

ಮೂರನೆಯದು ಕಾಲೊನಿಗೆ ಹೋಗದೆಯೇ ಈ ಇತಿಹಾಸವನ್ನು ನೋಡುವುದು. ಸಾಂತಿಯಾಗೋದಲ್ಲಿ ನೆನಪು ಮತ್ತು ಮಾನವ ಹಕ್ಕುಗಳ ಮ್ಯೂಸಿಯಂ ಇದೆ, 2010ರಲ್ಲಿ ತೆರೆದದ್ದು. ನಗರದ ನಡುವೆ 'ಲಂಡ್ರೆಸ್ 38' ಎಂಬ ಕಟ್ಟಡ ಇದೆ. ಹೊರವಲಯದಲ್ಲಿ 'ವಿಲ್ಲಾ ಗ್ರಿಮಾಲ್ಡಿ' ಶಾಂತಿ ಉದ್ಯಾನ ಇದೆ. ಎರಡೂ ದೀನಾದ ಚಿತ್ರಹಿಂಸೆಯ ಕೇಂದ್ರಗಳಾಗಿದ್ದವು. ಈಗ ಸ್ಮಾರಕಗಳಾಗಿವೆ. ಕಾಲೊನಿಯಲ್ಲಿ ನಡೆದದ್ದು ಒಂದು ಕಾಡಿನ ಮೂಲೆಯ ವಿಚಿತ್ರ ಘಟನೆ ಅಲ್ಲ, ಇಡೀ ದೇಶದ ವ್ಯವಸ್ಥೆಯ ಭಾಗ ಎನ್ನುವುದು ಅಲ್ಲಿ ಚೆನ್ನಾಗಿ ತಿಳಿಯುತ್ತದೆ. ಇದರ ಕೊರತೆ ಎಂದರೆ, ಈ ಜಾಗಗಳು ರಾಜಕೀಯ ಕೈದಿಗಳ ಕಥೆ ಹೇಳುತ್ತವೆ. ಕಾಲೊನಿಯೊಳಗಿನ ಜರ್ಮನ್ ಮಕ್ಕಳ ಕಥೆ ಅಲ್ಲಿ ಅಷ್ಟಾಗಿ ಸಿಗುವುದಿಲ್ಲ. ಚಿಲಿಯಲ್ಲಿ ಈ ಎರಡು ದುಃಖಗಳು ಬೇರೆ ಬೇರೆಯಾಗಿಯೇ ಉಳಿದಿವೆ. ಒಂದೇ ಸ್ಮಾರಕದಲ್ಲಿ ಎರಡನ್ನೂ ಹೇಗೆ ಹೇಳುವುದು ಎನ್ನುವುದರ ಬಗ್ಗೆಯೇ ಅಲ್ಲಿ ಇನ್ನೂ ವಾದ ನಡೆದಿದೆ.

ಮೊಮ್ಮಗಳು ಜೊತೆಗಿರುವುದರಿಂದ ನಿಮಗೆ ಮೂರನೆಯ ದಾರಿಯನ್ನೇ ಸೂಚಿಸುತ್ತೇನೆ. ಮ್ಯೂಸಿಯಂ ಒಂದೇ ಸಾಕು, ಅದೂ ಅವಳಿಗೆ ಇಷ್ಟವಿದ್ದರೆ. ಉಳಿದ ದಿನ ದಕ್ಷಿಣಕ್ಕೆ ಹೋಗಿ, ಅಲ್ಲಿನ ಸರೋವರಗಳು ಬಹಳ ಚೆನ್ನಾಗಿವೆ, ಡಿಸೆಂಬರ್ ಎಂದರೆ ಅಲ್ಲಿ ಬೇಸಿಗೆ. ಆ ಕಡೆ 19ನೇ ಶತಮಾನದಲ್ಲಿ ಬಂದು ನೆಲೆಸಿದ ಜರ್ಮನ್ ಕುಟುಂಬಗಳ ಊರುಗಳಿವೆ. ಜರ್ಮನ್ ಊಟ, ಮರದ ಮನೆ ನೋಡಬೇಕೆಂದರೆ ಅಲ್ಲಿ ಧಾರಾಳವಾಗಿ ಸಿಗುತ್ತದೆ. ಅವರಿಗೂ ಈ ಕಾಲೊನಿಗೂ ಸಂಬಂಧವಿಲ್ಲ. ಸಂಶಯದಿಂದ ನೋಡಬೇಡಿ.

ಹೋಟೆಲ್ ಯಾಕೆ ಬದಲಾಯಿತು ಎಂದು ಮೊಮ್ಮಗಳು ಖಂಡಿತ ಕೇಳುತ್ತಾಳೆ. ಸುಮ್ನೆ ಏನೋ ಹೇಳಿ ಹಾರಿಸಬೇಡಿ. ಹನ್ನೆರಡು ವರ್ಷದವಳಿಗೆ ಇಷ್ಟು ಹೇಳಬಹುದು. ಅಲ್ಲಿ ಒಬ್ಬ ದೇವರ ಹೆಸರಿನಲ್ಲಿ ಮಕ್ಕಳನ್ನು ಅಪ್ಪ ಅಮ್ಮನಿಂದ ದೂರ ಮಾಡಿದ, ಅವರಿಗೆ ಹಿಂಸೆ ಕೊಟ್ಟ. ಇದನ್ನು ಯಾರಿಗೂ ಹೇಳಬೇಡ ಎಂದು ಹೆದರಿಸಿದ. ಕೆಲವರು ಹೇಳಿದರು, ದೊಡ್ಡವರು ನಂಬಲಿಲ್ಲ. ಕೊನೆಗೆ ಒಬ್ಬ ಹುಡುಗ ಅಮ್ಮನಿಗೆ ಹೇಳಿದ, ಅವಳು ನಂಬಿದಳು, ಆಗ ಅದು ನಿಂತಿತು. ಅವಳು ಇನ್ನೂ ಕೇಳಿದರೆ ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡಿ. ನಿಮಗೆ ಉತ್ತರ ಕಷ್ಟವಾದರೆ ಅವಳ ತಾಯಿ ಜೊತೆಗಿರುವಾಗ ಮಾತಾಡಿ.